ಮೂರು ವರ್ಷದೊಳಗಿನ ಮಗುವಿಗೆ ಕಾಯ್ದೆಯಲ್ಲಿ ಜಾಗವೆಲ್ಲಿ?

ಜಿಲ್ಲಾ ಆಸ್ಪತ್ರೆಯಲ್ಲಿ ಎಲ್ಲರೂ ಎನ್‌ಆರ್‌ಸಿ ಎಂದು ಕರೆಯುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಾಗುವ ಮಕ್ಕಳಲ್ಲಿ ಹೆಚ್ಚಿನವರು ಆರು ತಿಂಗಳು ದಾಟಿ ಇನ್ನೂ ಮೂರು ವರ್ಷ ತುಂಬದವರು. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ತಾಯಿಯೊಡನೆ ಸುಮಾರು ಎರಡು ವಾರ ಇರಿಸಿಕೊಂಡು, ಮೊದಮೊದಲು ಎರಡು-ಮೂರು ಗಂಟೆಗೊಮ್ಮೆ ವಿಶೇಷ ಹಾಲಿನ ಮಿಶ್ರಣ ಕುಡಿಸಿ, ದಿನವೂ ತೂಕ ನೋಡಿ, ದಾಖಲಾದಾಗ ಇದ್ದ ತೂಕ ಶೇ 15ರಷ್ಟು ಏರಿದ ಮೇಲೆ ಮನೆಗೆ ಕಳಿಸುತ್ತೇವೆ. ಹೀಗೆ ಚೇತರಿಸಿಕೊಂಡು ಹೋದ ಮಕ್ಕಳಲ್ಲಿ ಕೆಲವರು ತಿಂಗಳುಗಳ ಬಳಿಕ ಅದೇ ತೋಳಿನ ಅಳತೆಯೊಂದಿಗೆ ಮರಳುತ್ತಾರೆ. ಮಕ್ಕಳ ವೈದ್ಯೆಯಾಗಿ ನಾನು ಶಾಸಕರ ಗಮನಕ್ಕೆ ತರಬೇಕೆಂದಿರುವುದು ಹೀಗೆ ಮರಳುವ ಮಕ್ಕಳ ಸಂಗತಿಯನ್ನು.

ಎಂಟು ತಿಂಗಳ ಮಗುವಿನ ಹೊಟ್ಟೆ ಬಹಳ ಚಿಕ್ಕದು. ಎದೆಹಾಲಿನ ಜೊತೆಗೆ ದಿನಕ್ಕೆ ಮೂರು ಬಾರಿಯಾದರೂ ರಾಗಿ ಸರಿ, ನುಣ್ಣಗೆ ಕಿವುಚಿದ ಬೇಳೆ ಅನ್ನದಂಥದ್ದನ್ನು ತಿನ್ನಿಸಬೇಕು; ಉಗುಳಿದರೆ ಕಾಯ್ದು ಮತ್ತೆ ತಿನ್ನಿಸಬೇಕು. ಒಂದೊಂದು ಸಲಕ್ಕೂ ಅರ್ಧ ಗಂಟೆ ಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಕು ಹರಿಯುವ ಹೊತ್ತಿಗೆ ಟಂಟಂ ಏರಿ ಹೊಲಕ್ಕೆ ಹೋಗುವ ತಾಯಿಗೆ ಈ ಅರ್ಧ ಗಂಟೆಗಳು ಸಿಗುವುದಿಲ್ಲ. ಮನೆಯಲ್ಲಿ ಉಳಿಯುವುದು ಶಾಲೆ ತಪ್ಪಿಸಿಕೊಂಡ ಎಂಟೊಂಬತ್ತು ವರ್ಷದ ಅಕ್ಕ. ಅವಳ ಕೈಯಲ್ಲಿರುವುದು ಒಂದು ಬಿಸ್ಕತ್ತಿನ ಪೊಟ್ಟಣ. ಹದಿನಾಲ್ಕು ದಿನ ವಾರ್ಡಿನಲ್ಲಿ ಉಳಿಯಬೇಕೆಂದು ಹೇಳಿದಾಗ ತಾಯಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನಾ ಇಲ್ಲೇ ಕುಂತ್ರ ಮನ್ಯಾಗಿನ ಹುಡುಗ್ರನ್ನ ಯಾರ್ ನೋಡ್ತಾರ್ರೀ ಮೇಡಂ?” ಕೇಂದ್ರದಲ್ಲಿ ಉಳಿಯುವ ತಾಯಿಗೆ ಕೂಲಿ ನಷ್ಟದ ಭತ್ಯೆಯೇನೋ ಇದೆ, ಆದರೆ ಈ ಪ್ರಶ್ನೆಗೆ ಅದು ಉತ್ತರವಲ್ಲ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಎತ್ತರದ ಕೊರತೆ ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲೇ ನಿರ್ಧಾರವಾಗಿಬಿಡುತ್ತದೆ; ಮಗು ಅಂಗನವಾಡಿಯ ಚಾಪೆಯ ಮೇಲೆ ಬಂದು ಕೂರುವ ಹೊತ್ತಿಗೆ ತಡವಾಗಿರುತ್ತದೆ. ನಮ್ಮ ರಾಜ್ಯದಲ್ಲಿ 1975ರಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾದ ಅಂಗನವಾಡಿ ವ್ಯವಸ್ಥೆ ಇಂದು 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ಬೆಳೆದಿದೆ, ಮತ್ತು ಅದಿಲ್ಲದ ಹಳ್ಳಿಯನ್ನು ನಾನು ಊಹಿಸಿಕೊಳ್ಳಲಾರೆ. ಆದರೂ ಮೂರು ವರ್ಷ ತುಂಬದ ಮಗುವಿಗೆ ಅದು ಕೊಡುವುದು ಮುಖ್ಯವಾಗಿ ಮನೆಗೊಯ್ಯುವ ಪುಷ್ಟಿ ಪೊಟ್ಟಣ, ಚುಚ್ಚುಮದ್ದಿನ ನೆನಪು ಮತ್ತು ತಿಂಗಳ ತೂಕ. ಆ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗುವುದು ಯಾರ ತಪ್ಪೂ ಅಲ್ಲ.

ಇನ್ನು ಕಾನೂನಿನ ವಿಷಯ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಮಹಿಳೆಯರು ಎಂದಿತು. ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದ 2017ರ ತಿದ್ದುಪಡಿ ಐವತ್ತು ನೌಕರರು ಎಂದು ಗೆರೆ ಎಳೆಯಿತು. ಇವನ್ನೆಲ್ಲ ಒಳಗೊಂಡು 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಐವತ್ತರ ಎಣಿಕೆಯೇ ಇದೆ. ಮೂರು ಜನರ ಗುಂಪಿನಲ್ಲಿ ಗಾರೆ ಕೆಲಸಕ್ಕೆ ಹೋಗುವವಳು, ನಾಲ್ಕು ಮನೆಗಳ ಪಾತ್ರೆ ತೊಳೆಯುವವಳು, ದಿನಕ್ಕೊಬ್ಬರ ಹೊಲದಲ್ಲಿ ಕಳೆ ತೆಗೆಯುವವಳು ಯಾವ ಐವತ್ತರಲ್ಲಿಯೂ ಸೇರುವುದಿಲ್ಲ. ರಾಯಚೂರು, ಯಾದಗಿರಿಗಳಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡವರ ಕೂಸುಗಳು ಮರಳಿನ ರಾಶಿಯ ಪಕ್ಕದಲ್ಲಿ ಬೆಳೆಯುತ್ತವೆ.

ಕಾಫಿ ತೋಟಗಳಿಗೂ ಅನ್ವಯಿಸುತ್ತಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ಈ ವಿಷಯದಲ್ಲಿ ಜಾಣತನ ತೋರಿಸಿತ್ತು. ಐವತ್ತು ಮಹಿಳೆಯರಿದ್ದರೆ, ಇಲ್ಲವೇ ಮಹಿಳಾ ಕಾರ್ಮಿಕರ ಮಕ್ಕಳೇ ಇಪ್ಪತ್ತು ಮಂದಿಯಿದ್ದರೆ ಶಿಶುವಿಹಾರ ನಡೆಸಬೇಕೆಂದು ಅದು ತಿದ್ದುಪಡಿಯಾದ ಮೇಲೆ ಹೇಳುತ್ತಿತ್ತು. ಉದ್ಯೋಗ ಖಾತರಿಯ ನಿಯಮವೂ ಅಷ್ಟೇ: ಕೆಲಸದ ಜಾಗಕ್ಕೆ ಐದು ಪುಟ್ಟ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಕೂಲಿ ಕೊಡಬೇಕಿತ್ತು. ಪಾಲನೆ ಎಷ್ಟಾಯಿತೆಂಬುದು ಬೇರೆ ಮಾತು, ಆದರೆ ಎಣಿಕೆ ಸರಿಯಾಗಿತ್ತು. ನನ್ನ ವಾದವೂ ಇದೇ: ಶಿಶುಪಾಲನೆಯ ಹಕ್ಕು ತಾಯಿಯ ಮಾಲೀಕನ ಹಾಜರಿ ಪುಸ್ತಕಕ್ಕೆ ಅಂಟಿಕೊಂಡಿರಬಾರದು, ಆ ಊರಿನಲ್ಲಿ, ಆ ವಾರ್ಡಿನಲ್ಲಿ ಮೂರು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ ಎಂಬುದರ ಮೇಲೆ ನಿಲ್ಲಬೇಕು.

ಈ ದಿಕ್ಕಿನಲ್ಲಿ ರಾಜ್ಯ ಇಟ್ಟ ಒಳ್ಳೆಯ ಹೆಜ್ಜೆ ‘ಕೂಸಿನ ಮನೆ’. 2023-24ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ ಈ ಶಿಶುಪಾಲನಾ ಕೇಂದ್ರಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ತೊಂದರೆ ಇರುವುದು ಆಯಾಗಳ, ಅಂದರೆ ಆರೈಕೆದಾರರ ವೇತನದಲ್ಲಿ. ಅದನ್ನು ಉದ್ಯೋಗ ಖಾತರಿಯ ಕೂಲಿಯಿಂದಲೇ ಭರಿಸುವ ಏರ್ಪಾಡು ಮಾಡಿದ್ದರಿಂದ ಒಬ್ಬೊಬ್ಬರಿಗೆ ನೂರು ದಿನ, ಆಮೇಲೆ ಪಾಳಿಯ ಪ್ರಕಾರ ಮತ್ತೊಬ್ಬರು. ಹತ್ತು ತಿಂಗಳ ಕೂಸು ಪರಿಚಿತ ಮುಖ ಕಾಣದಿದ್ದರೆ ಅಳುವುದಷ್ಟೇ ಅಲ್ಲ, ತಿನ್ನುವುದನ್ನೂ ಬಿಡುತ್ತದೆ. ಯಾರ ಕೈಯಿಂದ ತುತ್ತು ಬಂದರೆ ಬಾಯಿ ತೆರೆಯಬೇಕೆಂದು ಅದು ಕಲಿಯುವ ವಯಸ್ಸು ಅದೇ. ಜೊತೆಗೆ 2005ರ ಉದ್ಯೋಗ ಖಾತರಿ ಕಾಯ್ದೆಯ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿರುವಾಗ, ಕೂಸಿನ ಮನೆಯ ಅಡಿಪಾಯವನ್ನು ಇನ್ನೊಂದು ಯೋಜನೆಯ ಮೇಲೆ ಬಿಟ್ಟಿರುವುದು ಜಾಣತನವಲ್ಲ. ಅದಕ್ಕೆ ರಾಜ್ಯ ಬಜೆಟ್ಟಿನಲ್ಲಿ ಸ್ವಂತದ ಲೆಕ್ಕ ಶೀರ್ಷಿಕೆ ಬೇಕು, ಆರೈಕೆದಾರರಿಗೆ ವರ್ಷಪೂರ್ತಿ ಗೌರವಧನ ಬೇಕು. ಅಂಗನವಾಡಿಯೊಳಗೇ ಶಿಶುಪಾಲನಾ ಕೇಂದ್ರ ನಡೆಸಲು ಕೇಂದ್ರದ ‘ಪಾಲ್ನಾ’ ಯೋಜನೆಯಲ್ಲಿ ಅವಕಾಶವಿದ್ದು, ನಮ್ಮಂಥ ರಾಜ್ಯಗಳಲ್ಲಿ ಶೇ 60ರಷ್ಟು ವೆಚ್ಚವನ್ನು ಕೇಂದ್ರ ಭರಿಸುತ್ತದೆ. ಕಟ್ಟಡ ವೆಚ್ಚದ ಮೇಲೆ ಸಂಗ್ರಹವಾಗುವ ಶೇ 1ರ ಸೆಸ್‌ ಹಣದ ಒಂದು ಪಾಲನ್ನು ನಗರಗಳ ಕಾರ್ಮಿಕ ಶೆಡ್ಡುಗಳ ಬಳಿ ಇಂಥ ಕೇಂದ್ರಗಳಿಗೆ ಕಾದಿಡಬಹುದು. ಪೀಣ್ಯದಂಥಲ್ಲಿ ಸಣ್ಣ ಘಟಕಗಳು ಕೂಡಿ ಒಂದೇ ಕೇಂದ್ರ ನಡೆಸುವುದಕ್ಕೂ ಹೊಸ ಸಂಹಿತೆಯಲ್ಲಿ ದಾರಿಯಿದೆ.

ನಗದು ನೆರವಿನ ಬಗ್ಗೆಯೂ ಒಂದು ಮಾತು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಗೆ ಆಸರೆಯಾಗಿದೆ, ಅದನ್ನು ‘ಬಿಟ್ಟಿ’ ಎಂದು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ. ಆದರೆ ಅದು ಪಡಿತರ ಚೀಟಿಯಲ್ಲಿರುವ ಯಜಮಾನಿಗೆ ಹೋಗುತ್ತದೆ. ಕೂಡು ಕುಟುಂಬದಲ್ಲಿ ಯಜಮಾನಿ ಅತ್ತೆ, ಹಾಲುಣಿಸುವವಳು ಸೊಸೆ. ಆ ಸೊಸೆಗೆಂದೇ ಇರುವ ಹಣ ಬೇರೆ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿ ಮತ್ತು ಬಾಣಂತಿಗೆ ಆರು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಸಹಾಯಧನ ಎಂದು ಬರೆಯಿತು. ಜಾರಿಗೆ ಬಂದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಐದು ಸಾವಿರ ಕೊಡುತ್ತದೆ. ಎರಡನೆಯ ಮಗುವಿಗೆ ಆರು ಸಾವಿರ, ಅದೂ ಆ ಮಗು ಹೆಣ್ಣಾದರೆ ಮಾತ್ರ. ಎರಡನೆಯದು ಗಂಡಾದರೆ ಬಾಣಂತಿಯ ಹಸಿವು ಕಡಿಮೆಯಾಗುತ್ತದೆಯೇ? ನೆರೆಯ ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಹದಿನೆಂಟು ಸಾವಿರದ ನೆರವು ಕೊಡುತ್ತಿದೆ. ಕೇಂದ್ರದ ಮೊತ್ತಕ್ಕೆ ನಮ್ಮ ರಾಜ್ಯವೂ ತನ್ನ ಪಾಲು ಸೇರಿಸಿ, ಆರು ತಿಂಗಳ ಕೂಲಿಯಲ್ಲಿ ಒಂದು ಭಾಗವನ್ನಾದರೂ ತುಂಬಿಕೊಟ್ಟರೆ ಬಾಣಂತನ ಮುಗಿಯುವ ಮೊದಲೇ ಹೊಲಕ್ಕೆ ಇಳಿಯುವುದು ತಪ್ಪುತ್ತದೆ.

ಸಂವಿಧಾನದ 45ನೆಯ ವಿಧಿ 2002ರ ತಿದ್ದುಪಡಿಯ ಬಳಿಕ ಆರು ವರ್ಷದವರೆಗಿನ ಎಲ್ಲ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ರಾಜ್ಯ ಪ್ರಯತ್ನಿಸಬೇಕೆನ್ನುತ್ತದೆ. ಅದೇ ತಿದ್ದುಪಡಿ ಆರರಿಂದ ಹದಿನಾಲ್ಕರವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಪುಟ್ಟವರ ಪಾಲಿಗೆ ಬಂದದ್ದು ಪ್ರಯತ್ನ ಮಾತ್ರ. ಅದನ್ನು ಹಕ್ಕಾಗಿಸುವ ಮಸೂದೆ ತರಲು ವಿಧಾನಮಂಡಲ ದೆಹಲಿಯತ್ತ ನೋಡಬೇಕಾಗಿಲ್ಲ. ಅಲ್ಲಿಯವರೆಗೆ ಪ್ರತಿಯೊಬ್ಬ ಶಾಸಕರೂ ಮುಂದಿನ ಅಧಿವೇಶನದಲ್ಲಿ ತಮ್ಮ ಕ್ಷೇತ್ರದ ಬಗ್ಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ ಹಾಕಲಿ: ಮೂರು ವರ್ಷದೊಳಗಿನ ಮಕ್ಕಳು ಎಷ್ಟು, ಅವರನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳು ಎಷ್ಟು, ಅವು ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತವೆ, ಮತ್ತು ಆ ಊರಿನ ಹೆಂಗಸರು ಎಷ್ಟು ಗಂಟೆಗೆ ಕೂಲಿಗೆ ಹೊರಡುತ್ತಾರೆ.