ಸ್ಥಳೀಯ ಗಿಡವೆಂದರೆ ನೀರು ಬೇಡದ ಗಿಡವೇ?

ಓದುಗರ ಪ್ರಶ್ನೆ: ನೀರಿನ ಅಭಾವವಿರುವುದರಿಂದ ನಮ್ಮ ಕೈತೋಟದಲ್ಲಿ ಇನ್ನು ಮುಂದೆ ಸ್ಥಳೀಯ ಗಿಡಗಳನ್ನೇ ನೆಡಬೇಕೆಂದುಕೊಂಡಿದ್ದೇವೆ. ಅವಕ್ಕೆ ನೀರು ಹಾಕುವ ಅಗತ್ಯವಿಲ್ಲ, ಚಿಟ್ಟೆಗಳೂ ಹಕ್ಕಿಗಳೂ ತಾವಾಗಿಯೇ ಬರುತ್ತವೆ ಎಂದು ಹಲವರು ಹೇಳುತ್ತಾರೆ. ಹಾಗಾದರೆ ಸ್ಥಳೀಯವೆನಿಸಿಕೊಂಡ ಯಾವ ಗಿಡವನ್ನಾದರೂ ತಂದು ನೆಡಬಹುದೇ?

ಉತ್ತರ: ನೆಡಬಾರದು. ‘ಸ್ಥಳೀಯ’ ಎಂಬ ಮಾತು ಒಂದು ಗಿಡ ಯಾವ ಸೀಮೆಯಲ್ಲಿ ಮನುಷ್ಯರ ನೆರವಿಲ್ಲದೆ ಬೆಳೆದುಬಂದಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಅದಕ್ಕೆ ಎಷ್ಟು ನೀರು ಬೇಕೆಂಬುದನ್ನು ಹೇಳುವುದಿಲ್ಲ. ಹೊಳೆಯ ದಂಡೆಯಲ್ಲಿ ಬೇರುಗಳನ್ನು ತೋಯಿಸಿಕೊಂಡು ನಿಂತ ಮರವೂ ಸ್ಥಳೀಯವೇ, ಅಲ್ಲಿಂದ ಕೂಗಳತೆಯ ದೂರದ ಬಂಡೆಯ ಸಂದಿಯಲ್ಲಿ ಹಿಡಿಮಣ್ಣಿಗೆ ಅಂಟಿಕೊಂಡು ಬದುಕುವ ಕುರುಚಲು ಪೊದೆಯೂ ಸ್ಥಳೀಯವೇ. ಮೊದಲನೆಯದನ್ನು ಒಣ ತೋಟಕ್ಕೆ ತಂದರೆ ಪ್ರತಿ ಬೇಸಿಗೆಯಲ್ಲೂ ನೀರು ಹೊರಬೇಕಾಗುತ್ತದೆ. ಎರಡನೆಯದನ್ನು ತಂದು ದಿನವೂ ನೀರೆರೆದರೆ ಅದು ಬೇರು ಕೊಳೆತು ಸಾಯುತ್ತದೆ. ಆದ್ದರಿಂದ ಗಿಡವನ್ನು ಆರಿಸುವ ಮುನ್ನ ಎರಡು ವಿಷಯ ತಿಳಿದುಕೊಳ್ಳಬೇಕು: ಈ ಗಿಡ ಕಾಡಿನಲ್ಲಿ ಎಂಥ ಜಾಗದಲ್ಲಿ ನಿಂತಿರುತ್ತದೆ, ಮತ್ತು ಇದನ್ನು ಯಾರು ತಿನ್ನುತ್ತಾರೆ.

ಮೊದಲನೆಯದನ್ನು ತಿಳಿಯಲು ಕೆಲವೊಮ್ಮೆ ಗಿಡದ ಹೆಸರೇ ಸಾಕಾಗುತ್ತದೆ. ಹೊಳೆಮತ್ತಿ ಎಂಬ ಹೆಸರನ್ನು ಇಟ್ಟವರು ಆ ಮರದ ಜಾಗವನ್ನು ಕಂಡೇ ಇಟ್ಟಿದ್ದಾರೆ. ಅದೇ ಕಕ್ಕೆಯನ್ನು ನೋಡಿ: ಎಲೆಯುದುರುವ ಒಣಕಾಡಿನ ಈ ಮರ ಬೇಸಿಗೆಯಲ್ಲಿ ಬೋಳಾಗಿ, ಎಲೆಗಳಿರಬೇಕಾದ ಜಾಗದಲ್ಲೆಲ್ಲ ಹಳದಿ ಹೂಗೊಂಚಲುಗಳನ್ನು ಇಳಿಬಿಡುತ್ತದೆ. ಹೆಸರಿನಿಂದ ತಿಳಿಯದಿದ್ದಾಗ, ಆಯಾ ಸೀಮೆಯ ಸಸ್ಯಗಳನ್ನು ವಿವರಿಸುವ ಪುಸ್ತಕಗಳಲ್ಲಿ ಪ್ರತಿಯೊಂದು ಗಿಡದ ನೆಲೆಯನ್ನು ಒಂದೆರಡು ಪದಗಳಲ್ಲಿ ಹೇಳಿರುತ್ತಾರೆ: ತೊರೆಯ ಅಂಚು, ಕಲ್ಲುಗುಡ್ಡ, ಹುಲ್ಲುಗಾವಲು, ಮರಳು ದಿಬ್ಬ. ಗಿಡದ ಎತ್ತರ ಮತ್ತು ಹೂವಿನ ಬಣ್ಣವನ್ನು ನೋಡುವ ನಾವು ಈ ಒಂದೆರಡು ಪದಗಳನ್ನು ದಾಟಿ ಹೋಗುತ್ತೇವೆ. ನನ್ನ ಮಟ್ಟಿಗೆ ಇಡೀ ವಿವರಣೆಯಲ್ಲಿ ಅವೇ ಹೆಚ್ಚು ಮುಖ್ಯ.

ಬಳಿಕ ನಿಮ್ಮ ನೆಲವನ್ನೂ ಅಷ್ಟೇ ಗಮನದಿಂದ ನೋಡಬೇಕು. ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಒಂದು ಗಂಟೆಯೊಳಗೆ ಮಾಯವಾದರೆ ಅದು ನೀರು ನಿಲ್ಲದ ಸಡಿಲ ಮಣ್ಣು. ಮರುದಿನವೂ ಗುಂಡಿಯಲ್ಲಿ ನೀರು ನಿಂತಿದ್ದರೆ ಗುಡ್ಡದ ಗಿಡಗಳ ಆಸೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಒಂದೇ ಅಂಗಳದಲ್ಲಿ ಎರಡೂ ಬಗೆಯ ಜಾಗಗಳು ಇರುವುದುಂಟು. ಸೂರಿನ ನೀರು ಬೀಳುವ ತಗ್ಗಿನಲ್ಲಿ ತೊರೆಯಂಚಿನ ಗಿಡಗಳನ್ನೂ ಬಿಸಿಲಿಗೆ ಕಾಯುವ ಗೋಡೆಯ ಬುಡದಲ್ಲಿ ಕಲ್ಲುನೆಲದ ಗಿಡಗಳನ್ನೂ ಇಟ್ಟು, ಒಂದೇ ಪ್ರಮಾಣದ ನೀರು ಬೇಡುವವುಗಳನ್ನು ಒಟ್ಟಿಗೆ ಸೇರಿಸಿದರೆ ಬಹಳಷ್ಟು ನೀರು ಅಲ್ಲೇ ಉಳಿಯುತ್ತದೆ.

ಬರವನ್ನು ತಾಳಿಕೊಳ್ಳಲು ಗಿಡಗಳು ಹಿಡಿದಿರುವ ದಾರಿಗಳು ಬೇರೆ ಬೇರೆ, ಮತ್ತು ಅವುಗಳನ್ನು ತಿಳಿಯದಿರುವುದರಿಂದಲೇ ಬಹಳಷ್ಟು ಗಿಡಗಳು ಸಾಯುತ್ತವೆ. ಎಕ್ಕವು ದಪ್ಪ ಎಲೆಯ ಮೇಲೆ ಬೂದಿಯಂಥ ಲೇಪವನ್ನು ಹೊದ್ದು, ಬೇರನ್ನು ಆಳಕ್ಕೆ ಇಳಿಸುತ್ತದೆ. ಪಾಪಾಸುಕಳ್ಳಿಯಂಥವು ಹಗಲಿನಲ್ಲಿ ಪತ್ರರಂಧ್ರಗಳನ್ನು (ಗಾಳಿ ಹೋಗಿಬರುವ ಸೂಕ್ಷ್ಮ ತೂತುಗಳನ್ನು) ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಮಾತ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಇನ್ನು ಕೆಲವು ಎಲೆಗಳನ್ನೆಲ್ಲ ಉದುರಿಸಿ ನಿದ್ದೆ ಹೋಗುತ್ತವೆ. ಹೀಗೆ ನಿದ್ದೆ ಹೋದ ಗಿಡವನ್ನು ಕಂಡು ಅದು ಒಣಗುತ್ತಿದೆಯೆಂದು ಗಾಬರಿಯಾಗಿ ಬಿಂದಿಗೆಗಟ್ಟಲೆ ನೀರು ಸುರಿಯುವವರನ್ನು ನಾನು ಬಹಳ ಕಂಡಿದ್ದೇನೆ. ತೊಗಟೆಯನ್ನು ಉಗುರಿನಿಂದ ತುಸು ಕೆರೆದು, ಒಳಗೆ ಹಸಿರು ಕಂಡರೆ ಗಿಡ ಬದುಕಿದೆ ಎಂದು ತಿಳಿದು ಸುಮ್ಮನಿರಬೇಕು. ಮಳೆಗಾಲ ಚಳಿಗಾಲದಲ್ಲೇ ಬರುವ ಕ್ಯಾಲಿಫೋರ್ನಿಯಾದ ಸೀಯನೋಥಸ್ ಪೊದೆಗಳಿಗೆ ಬೇಸಿಗೆಯಲ್ಲಿ ಪದೇ ಪದೇ ನೀರು ಕೊಟ್ಟರೆ, ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಸುವ ಶಿಲೀಂಧ್ರದಂಥ ಜೀವಿಗಳು ಹೆಚ್ಚಿ ಅವು ಬೇಗನೆ ಸಾಯುತ್ತವೆ. ಗೊಬ್ಬರದ ವಿಷಯದಲ್ಲೂ ಹೀಗೆಯೇ. ಆಸ್ಟ್ರೇಲಿಯಾದ ಬ್ಯಾಂಕ್ಸಿಯಾಗಳು ರಂಜಕ ತೀರ ಕಡಿಮೆಯಿರುವ ಮಣ್ಣಿನಿಂದ ಅದನ್ನು ಹೀರಿಕೊಳ್ಳಲು ವಿಶೇಷ ಬಗೆಯ ಬೇರುಗೊಂಚಲುಗಳನ್ನು ಬೆಳೆಸಿಕೊಂಡಿವೆ. ಸಾಮಾನ್ಯ ರಂಜಕ ಗೊಬ್ಬರವೇ ಅವುಗಳಲ್ಲಿ ಹಲವಕ್ಕೆ ವಿಷವಾಗುತ್ತದೆ.

ಇಷ್ಟಾದರೂ ಸರಿಯಾಗಿ ಆರಿಸಿದ ಗಿಡಕ್ಕೂ ಮೊದಲ ಒಂದೆರಡು ವರ್ಷ ನೀರು ಬೇಕೇ ಬೇಕು. ಬರವನ್ನು ತಾಳುವ ಶಕ್ತಿ ಗಿಡದ ಜಾತಿಯಲ್ಲಿದ್ದರೂ ಅದು ಕೆಲಸ ಮಾಡುವುದು ಬೇರು ಆಳಕ್ಕೆ ಇಳಿದ ಮೇಲೆಯೇ. ಕುಂಡದಿಂದ ಈಗ ತಾನೇ ಬಿಡಿಸಿದ ಸಸಿಯ ಬಳಿ ಇರುವುದು ಗೇಣುದ್ದದ ಬೇರು ಮಾತ್ರ. ದಿನಕ್ಕೊಂದು ಚೊಂಬು ನೀರು ಚಿಮುಕಿಸಿದರೆ ಆ ಬೇರು ಮೇಲ್ಪದರದಲ್ಲೇ ಹರಡಿಕೊಳ್ಳುತ್ತದೆ. ಅದರ ಬದಲು ಮಣ್ಣು ಆಳದವರೆಗೆ ನೆನೆಯುವಂತೆ ಒಮ್ಮೆ ನಿಧಾನವಾಗಿ ನೀರು ಕೊಟ್ಟು, ಮೇಲಿನ 5 ಸೆಂಟಿಮೀಟರ್ ಒಣಗುವವರೆಗೆ ಬಿಟ್ಟು, ದಿನ ಕಳೆದಂತೆ ಈ ಅಂತರವನ್ನು ಹೆಚ್ಚಿಸುತ್ತ ಹೋದರೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಮಳೆಗಾಲದ ಆರಂಭದಲ್ಲೇ ನೆಡುವುದರಿಂದ ಈ ಕೆಲಸದ ಬಹುಪಾಲನ್ನು ಮಳೆಯೇ ಮಾಡಿಕೊಡುತ್ತದೆ. ದೊಡ್ಡ ಗಿಡವನ್ನು ಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಬಹುಕಾಲ ಕುಂಡದಲ್ಲಿದ್ದು ಬೇರು ಸುರುಳಿ ಸುತ್ತಿಕೊಂಡ ಎತ್ತರದ ಗಿಡಕ್ಕಿಂತ ಎಳೆಯ ಸಸಿ ಬೇಗ ನೆಲ ಹಿಡಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಕಡಿಮೆ ನೀರಿನ ತೋಟವೆಂದರೆ ಜಲ್ಲಿ ಹರವಿ ನಡುವೆ ನಾಲ್ಕು ಕಳ್ಳಿ ನೆಡುವುದು ಎಂದು ಬಹಳ ಜನ ಭಾವಿಸಿದ್ದಾರೆ. ಇಂಥ ತೋಟಕ್ಕೆ ‘ಝೀರಿಸ್ಕೇಪ್’ ಎಂಬ ಪದವನ್ನು 1981ರಲ್ಲಿ ರೂಪಿಸಿದ ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ ಹೇಳಿದ್ದು ಬೇರೆ: ಮಣ್ಣನ್ನು ಅರಿತು, ಗಿಡಗಳನ್ನು ಅವುಗಳ ನೀರಿನ ಅಗತ್ಯಕ್ಕೆ ತಕ್ಕಂತೆ ಗುಂಪು ಮಾಡಿ, ಹುಲ್ಲುಹಾಸನ್ನು ಬೇಕಾದಷ್ಟಕ್ಕೆ ಸೀಮಿತಗೊಳಿಸಿ, ನೆಲಕ್ಕೆ ಹೊದಿಕೆ ಕೊಡುವುದು. ಬರಿಯ ಜಲ್ಲಿ ಬಿಸಿಲನ್ನು ಹೀರಿ ಸುತ್ತಲ ಗಾಳಿಯನ್ನೂ ಕಾಯಿಸುತ್ತದೆ, ಯಾವ ಜೀವಿಗೂ ಅನ್ನವಾಗುವುದಿಲ್ಲ.

ಇನ್ನು ಯಾರು ತಿನ್ನುತ್ತಾರೆ ಎಂಬ ವಿಷಯ. ಚಿಟ್ಟೆಗಳು ಬರುವುದು ಹೂವಿಗೆ ಎಂದು ನಾವು ತಿಳಿದಿರುತ್ತೇವೆ, ಆದರೆ ಹೂವಿನ ಮಕರಂದ ಬೆಳೆದ ಚಿಟ್ಟೆಯ ಆಹಾರ ಮಾತ್ರ. ಚಿಟ್ಟೆಯ ಬದುಕು ಎಲೆಯ ಮೇಲೆ ಆರಂಭವಾಗುತ್ತದೆ, ಮತ್ತು ಮರಿಹುಳುಗಳಲ್ಲಿ ಬಹುಪಾಲು ಯಾವ ಎಲೆ ಸಿಕ್ಕಿದರೂ ತಿನ್ನುವಂಥವಲ್ಲ. ಗಿಡಗಳು ತಮ್ಮ ಎಲೆಗಳಲ್ಲಿ ತುಂಬಿಕೊಂಡ ವಿಷಗಳನ್ನು ಜೀರ್ಣಿಸಿಕೊಳ್ಳುವ ಬಗೆಯನ್ನು ಇಂಥ ಕೀಟಗಳಲ್ಲಿ ಪ್ರತಿಯೊಂದೂ ದೀರ್ಘಕಾಲದ ಒಡನಾಟದಲ್ಲಿ ಒಂದೆರಡು ಸಸ್ಯಕುಟುಂಬಗಳ ಮಟ್ಟಿಗೆ ಮಾತ್ರ ಕಲಿತಿದೆ. ಲಂಟಾನದ ಹೂಗಳ ಮೇಲೆ ಚಿಟ್ಟೆಗಳು ಮುತ್ತಿರುವುದನ್ನು ಕಂಡವರು ಅದನ್ನು ಚಿಟ್ಟೆಯ ಗಿಡವೆಂದು ತಂದು ನೆಡುತ್ತಾರೆ. ಉಷ್ಣವಲಯದ ಅಮೆರಿಕದಿಂದ ಅಲಂಕಾರಕ್ಕೆಂದು ಬೇರೆ ಖಂಡಗಳಿಗೆ ಹೋದ ಅದು, ಹೊಸ ನೆಲದಲ್ಲಿ ಚಿಟ್ಟೆಗಳಿಗೆ ಮಕರಂದ ಉಣಿಸುತ್ತದೆ ನಿಜ, ಆದರೆ ಅದರ ಎಲೆಯಲ್ಲಿ ಅಲ್ಲಿನ ಚಿಟ್ಟೆಗಳ ಮರಿಹುಳುಗಳು ಬೆಳೆಯುವುದು ಇಲ್ಲವೆಂಬಷ್ಟು ಕಡಿಮೆ; ಜೊತೆಗೆ, ಎಲೆ ಒದಗಿಸಬಲ್ಲ ಇತರ ಗಿಡಗಳನ್ನು ಅದು ಅಡಗಿಸಿಬಿಡುತ್ತದೆ.

ಎಕ್ಕದ ಎಲೆಯನ್ನು ಮಗುಚಿ ನೋಡಿ. ಸಾಸಿವೆಗಿಂತ ಸಣ್ಣದಾದ, ಉದ್ದನೆಯ ಗೆರೆಗಳಿರುವ ಒಂಟಿ ಮೊಟ್ಟೆಯೊಂದು ಅಂಟಿಕೊಂಡಿದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯದಾಗಿರಬಹುದು. ಅದರಿಂದ ಹೊರಬರುವ ಹುಳುವಿನ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟಿಗಳಿದ್ದು, ಮೂರು ಜೊತೆ ಕಪ್ಪು ಮೀಸೆಗಳಂಥ ಎಳೆಗಳು ಅಲ್ಲಾಡುತ್ತಿರುತ್ತವೆ. ಬೆಳೆದ ಹುಳುವೊಂದು ಉಣ್ಣುವುದನ್ನು ನಾನು ಒಮ್ಮೆ ಬಹಳ ಹೊತ್ತು ನೋಡಿದೆ. ಅದು ಮೊದಲು ಎಲೆಯ ನರವನ್ನು ಕಚ್ಚಿ ಕತ್ತರಿಸಿತು. ಬಿಳಿ ಹಾಲು ಅಲ್ಲಿ ಹನಿಗಟ್ಟಿ ಒಸರಿಹೋದ ಮೇಲೆ, ಹಾಲಿನ ಹರಿವು ನಿಂತ ಎಲೆಯ ತುದಿಭಾಗಕ್ಕೆ ಹೋಗಿ ಅಂಚಿನಿಂದ ನೆಮ್ಮದಿಯಾಗಿ ತಿನ್ನತೊಡಗಿತು. ಇಂಥ ಜಾಣ್ಮೆ ಒಂದು ಗಿಡದ ಜೊತೆಗಿನ ಬಹುಕಾಲದ ನಂಟಿನಿಂದ ಬಂದದ್ದು, ಅಂಗಡಿಯಿಂದ ತಂದ ಅಪರಿಚಿತ ಗಿಡದ ಮೇಲೆ ಅದು ನಡೆಯುವುದಿಲ್ಲ. (ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಅಪಾಯವಿರುವುದರಿಂದ ಮಕ್ಕಳು ಓಡಾಡುವ ದಾರಿಯಲ್ಲಿ ಅದನ್ನು ನೆಡಬೇಡಿ.) ಕಕ್ಕೆಯ ಎಲೆಗೆ ಕಾಮನ್ ಎಮಿಗ್ರೆಂಟ್ ಚಿಟ್ಟೆ ಬರುವುದೂ, ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆ ಎಕ್ಕದ ಬಂಧುಗಳಾದ ಮಿಲ್ಕ್‌ವೀಡ್‌ಗಳನ್ನೇ ನಂಬಿ ಬದುಕುವುದೂ ಇದೇ ಬಗೆಯ ನಂಟುಗಳು.

ಹಕ್ಕಿಗಳ ಸಂಖ್ಯೆಯೂ ಈ ಹುಳುಗಳನ್ನೇ ಅವಲಂಬಿಸಿದೆ. ಕಾಳು, ಹಣ್ಣು ತಿಂದು ಬದುಕುವ ಹಕ್ಕಿಗಳಲ್ಲಿಯೂ ಹೆಚ್ಚಿನವು ಮರಿಗಳಿಗೆ ಉಣಿಸುವುದು ಮೃದುವಾದ ಹುಳುಗಳನ್ನು. ಅಮೆರಿಕದ ಕೆರೊಲಿನಾ ಚಿಕಡಿ ಎಂಬ ಹಿಡಿಗಾತ್ರದ ಹಕ್ಕಿ ಒಂದು ಸೂಲಿನ ಮರಿಗಳನ್ನು ಗೂಡಿನಿಂದ ಹಾರಿಸುವಷ್ಟರಲ್ಲಿ ಸುಮಾರು 6,000ದಿಂದ 9,000 ಮರಿಹುಳುಗಳನ್ನು ತಂದು ಕೊಡುತ್ತದೆ. ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಮನೆತೋಟಗಳಲ್ಲಿ ಇದೇ ಹಕ್ಕಿಯನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ತೋಟದ ಸಸ್ಯರಾಶಿಯಲ್ಲಿ ಸ್ಥಳೀಯ ಗಿಡಗಳ ಪಾಲು ಶೇಕಡ 70ಕ್ಕಿಂತ ಕಡಿಮೆಯಿದ್ದಲ್ಲಿ ಅವುಗಳ ಸಂತತಿ ತನ್ನನ್ನು ತಾನು ಉಳಿಸಿಕೊಳ್ಳಲಾರದು. ಒಂದು ಹಕ್ಕಿಯ, ಒಂದು ಪ್ರದೇಶದ ಈ ಅಂಕಿಯನ್ನು ಎಲ್ಲೆಡೆಗೂ ನಿಯಮವೆಂದು ಹೇರುವುದು ಸರಿಯಲ್ಲ, ಆದರೆ ಅಲ್ಲೊಂದು ಇಲ್ಲೊಂದು ಸ್ಥಳೀಯ ಗಿಡ ನೆಟ್ಟರೆ ಸಾಲದು ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ. ಒಳ್ಳೆಯ ಸಂಗತಿಯೆಂದರೆ, ತೋಟದ ಹೆಚ್ಚಿನ ಪಾಲು ಸ್ಥಳೀಯವಾಗಿದ್ದರೆ ಉಳಿದುದರಲ್ಲಿ ಬೇರೆ ಗಿಡಗಳಿಗೂ ಎಡೆಯಿರುವುದರಿಂದ, ನೀವು ಇಷ್ಟಪಟ್ಟು ಬೆಳೆಸಿದ ಹಳೆಯ ಗುಲಾಬಿಯನ್ನೋ ಮಲ್ಲಿಗೆಯನ್ನೋ ಕಿತ್ತೆಸೆಯುವ ಅಗತ್ಯವೂ ಇಲ್ಲ.

ಜೀವಿಗಳಿಗಾಗಿ ಗಿಡ ಆರಿಸುವಾಗ ತಳಿಯ ಬಗ್ಗೆಯೂ ಎಚ್ಚರ ಬೇಕು. ಸುತ್ತು ಸುತ್ತಾಗಿ ಹಲವು ಪದರ ಎಸಳುಗಳಿರುವ ತಳಿಯ ಹೂವಿನಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಜೇನ್ನೊಣಗಳಿಗೆ ಪರಾಗ ಸಿಗುವುದಿಲ್ಲ. ಹಸಿರೆಲೆಯ ಗಿಡದಿಂದ ಕೆನ್ನೇರಳೆ ಎಲೆಯ ತಳಿ ಮಾಡಿದರೆ ಮರಿಹುಳುಗಳು ಅದನ್ನು ಕಡಿಮೆ ತಿನ್ನುತ್ತವೆ. ಬಂಧುಗಳಾಗಿದ್ದರೂ ಒಂದರ ಬದಲು ಇನ್ನೊಂದು ನಡೆಯದ ಸಂದರ್ಭಗಳಿವೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಜನ ಪ್ರೀತಿಯಿಂದ ನೆಟ್ಟ ಉಷ್ಣವಲಯದ ಮಿಲ್ಕ್‌ವೀಡ್ ಚಳಿಗಾಲದಲ್ಲೂ ಹಸಿರಾಗಿಯೇ ಉಳಿಯುವುದರಿಂದ, ಮೊನಾರ್ಕ್ ಚಿಟ್ಟೆಗಳನ್ನು ಕಾಡುವ ಪರಾವಲಂಬಿಯೊಂದು ಅದರ ಎಲೆಗಳ ಮೇಲೆ ವರ್ಷವಿಡೀ ಶೇಖರವಾಗುತ್ತದೆ. ಹಾಗೆಯೇ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಉಷ್ಣವಲಯದ ಅಮೆರಿಕದ ಮರವನ್ನು ಅದರ ಹಳದಿ ಹೂಗಳಿಂದಾಗಿ ಕಕ್ಕೆಯೆಂದು ತಪ್ಪು ತಿಳಿಯುವವರಿದ್ದಾರೆ. ಇಂದು ಅದು ನೀಲಗಿರಿಯ ಸುತ್ತಲಿನ ಕಾಡುಗಳನ್ನು ಆಕ್ರಮಿಸುತ್ತಿದೆ. ಆದ್ದರಿಂದ ಕೊಳ್ಳುವಾಗ ಗಿಡದ ವೈಜ್ಞಾನಿಕ ಹೆಸರನ್ನು ಕೇಳಿ ಬರೆದುಕೊಳ್ಳಿ, ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ ಕೊಟ್ಟಿದ್ದಾರೆಯೇ ಎಂದೂ ವಿಚಾರಿಸಿ. ಅದು ಗಿಡದ ರಸದಲ್ಲಿ ಬೆರೆತು ಎಲೆಗೂ ಪರಾಗಕ್ಕೂ ಹರಡುತ್ತದೆ. ಚಿಟ್ಟೆಗಾಗಿ ತಂದ ಗಿಡವೇ ಹುಳುವನ್ನು ಕೊಲ್ಲುವುದು ಬಹಳ ನೋವಿನ ಸಂಗತಿ.

ನೆಲವನ್ನು ತರಗೆಲೆಗಳಿಂದ 5ರಿಂದ 10 ಸೆಂಟಿಮೀಟರ್ ದಪ್ಪ ಮುಚ್ಚಿ, ಕಾಂಡದ ಬುಡವನ್ನು ಮಾತ್ರ ತೆರೆದಿಡಿ. ತೇವ ಉಳಿಯುತ್ತದೆ, ಪತಂಗಗಳ ಕೋಶಗಳಿಗೆ ಆಸರೆಯೂ ಆಗುತ್ತದೆ. ಆದರೆ ಜೇನ್ನೊಣ ಮತ್ತು ಅದರ ಬಂಧುಗಳ, ಜಗತ್ತಿನ ಸುಮಾರು 20,000 ಜಾತಿಗಳಲ್ಲಿ ಹೆಚ್ಚಿನವು ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಬದುಕುವಂಥವು. ಅವುಗಳಿಗಾಗಿ ಬಿಸಿಲು ಬೀಳುವ ಒಂದು ಮೂಲೆಯನ್ನು ಹೊದಿಕೆಯಿಲ್ಲದೆ, ಅಗೆಯದೆ ಬಿಡಬೇಕು.

ಬೇಕಾದ ಸ್ಥಳೀಯ ಸಸಿ ಎಲ್ಲಿಯೂ ಸಿಗದಿದ್ದಾಗ ಕಾಡಿನಿಂದ ಗಿಡವನ್ನೇ ಕಿತ್ತು ತರಬೇಡಿ. ಅದು ಅಲ್ಲಿನ ನಷ್ಟವೂ ಹೌದು, ಬೇರು ಹರಿದ ಗಿಡ ಬದುಕುವುದೂ ಅಪರೂಪ. ಅನುಮತಿ ಪಡೆದು ಸಮೀಪದ ಮರಗಳಿಂದ ಒಂದು ಹಿಡಿ ಬೀಜ ತಂದರೆ ಸಾಕು. ಕಕ್ಕೆಯಂಥ ಗಟ್ಟಿ ಸಿಪ್ಪೆಯ ಬೀಜವನ್ನು ಒರಟು ಕಲ್ಲಿಗೆ ಒಂದು ಬದಿಯಲ್ಲಿ ತಿಕ್ಕಿ, ಇಡೀ ರಾತ್ರಿ ನೀರಿನಲ್ಲಿ ನೆನೆಸಿದರೆ ಅದು ಉಬ್ಬುತ್ತದೆ. ಅದನ್ನು ಮಳೆಯ ಮೊದಲ ವಾರಗಳಲ್ಲಿ, ಮರ ನಿಲ್ಲಬೇಕಾದ ಜಾಗದಲ್ಲೇ ಬಿತ್ತಿ. ಕುಂಡದ ತಳ ಅಡ್ಡ ಬರದ ಅಂಥ ಸಸಿಯ ತಾಯಿಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಮತ್ತು ಕುಂಡದಿಂದ ತಂದು ನೆಟ್ಟ ಸಸಿಗಿಂತ ಬೇಗನೆ ನಿಮ್ಮ ನೀರಿನ ಹಂಗಿಲ್ಲದೆ ನಿಲ್ಲುತ್ತದೆ.