‘ಈ ಎಂಜಿನ್ ಇಷ್ಟು ಎಳೆಯೋದಿಲ್ಲ’ ಅಂದಿದ್ದ ಡ್ರೈವರ್

ರೈಲು ಸುರಕ್ಷಿತವೋ ಅಲ್ಲವೋ ಅಂತ ಹೇಳೋದು ತಿಳಿದವರ ಕೆಲಸ. ಸರಿ, ಒಪ್ಪೋಣ. ಆದರೆ ಹಾಗೆ ಹೇಳಿದವರನ್ನು ‘ಲೆಕ್ಕ ತೋರಿಸಿ’ ಅಂತ ಕೇಳೋದು ಬ್ರಿಟನ್ನಿನ ರೈಲ್ವೆಯಲ್ಲಿ ಯಾವತ್ತೂ ಸುಲಭವಾಗಿರಲಿಲ್ಲ.

ಸ್ಕಾಟ್ಲೆಂಡಿನ ಟೇ ಸೇತುವೆಯನ್ನೇ ನೋಡಿ. 1878ರ ಫೆಬ್ರುವರಿಯಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಹಚಿನ್ಸನ್ ಅದರ ಮೇಲೆ ಭಾರದ ಎಂಜಿನ್‌ಗಳನ್ನು ಓಡಿಸಿ ಒಪ್ಪಿಗೆ ಕೊಟ್ಟರು. ಜೋರು ಗಾಳಿಯಲ್ಲಿ ರೈಲು ಹೋಗೋದನ್ನೂ ಒಮ್ಮೆ ನೋಡಬೇಕು ಅಂತ ಬರೆದಿದ್ದರು. ಅದು ಆಗಲೇ ಇಲ್ಲ. 1879ರ ಡಿಸೆಂಬರ್ 28ರ ಬಿರುಗಾಳಿಗೆ ಸೇತುವೆಯ ನಡುಭಾಗ ರೈಲಿನ ಸಮೇತ ನದಿಗೆ ಬಿತ್ತು. ಕಟ್ಟಿಸಿದ ಎಂಜಿನಿಯರ್ ಥಾಮಸ್ ಬೌಚ್ ಗಾಳಿಯ ಒತ್ತಡಕ್ಕೆ ಅಂತ ಬೇರೆ ಲೆಕ್ಕವನ್ನೇ ಹಾಕಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ನನಗೆ ಇದಕ್ಕಿಂತ ಜಾಸ್ತಿ ಕಾಡೋದು ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಐರ್ಲೆಂಡಿನ ಆರ್ಮಾ ಊರಿನ ಅಪಘಾತ. 1889ರ ಜೂನ್ 12, ಮಕ್ಕಳು ತುಂಬಿದ್ದ ಪ್ರವಾಸದ ರೈಲು. ಹೊರಡೋ ಮೊದಲೇ ಡ್ರೈವರ್, ಇಷ್ಟು ಬೋಗಿ ಈ ಎಂಜಿನ್‌ಗೆ ಆಗೋದಿಲ್ಲ ಅಂತ ತಕರಾರು ತೆಗೆದಿದ್ದ. ಯಾರೂ ಕೇಳಲಿಲ್ಲ. ಏರಿನಲ್ಲಿ ರೈಲು ನಿಂತೇಹೋಯಿತು. ಆಗ ಜೊತೆಗಿದ್ದ ಕಂಪನಿಯ ಅಧಿಕಾರಿ, ರೈಲನ್ನು ಎರಡು ಭಾಗ ಮಾಡಿ ಮುಂದಿನದನ್ನು ಮೊದಲು ಎಳೆದೊಯ್ಯೋಣ ಅಂದ. ಆ ಕಾಲದ ಬ್ರೇಕ್ ಹೇಗಿತ್ತೆಂದರೆ, ಕೊಂಡಿ ಬಿಚ್ಚಿದ ತಕ್ಷಣ ಹಿಂದಿನ ಬೋಗಿಗಳಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಗಾರ್ಡ್‌ನ ಕೈಬ್ರೇಕು ಮತ್ತು ಚಕ್ರದಡಿ ಇಟ್ಟ ಕಲ್ಲು, ಇವನ್ನೇ ನಂಬಿಕೊಂಡಿದ್ದರು. ಹತ್ತು ಬೋಗಿಗಳು ಹಿಂದಕ್ಕೆ ಉರುಳಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಹಳಿಯಲ್ಲಿ ಬರುತ್ತಿದ್ದ ರೈಲಿಗೆ ಬಡಿದವು. ಸತ್ತವರು ಸುಮಾರು 80.

ಸರ್ಕಾರದ ಇನ್‌ಸ್ಪೆಕ್ಟರ್‌ಗಳು ತಾನಾಗಿಯೇ ಹಿಡಿಯುವ ಬ್ರೇಕು ಬೇಕು, ಹಳಿಯ ಒಂದು ಭಾಗದಲ್ಲಿ ಒಂದು ಸಲಕ್ಕೆ ಒಂದೇ ರೈಲು ಇರಬೇಕು ಅಂತ ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ಕಂಪನಿಗಳ ಅನುಭವಸ್ಥರ ವಾದ ಬೇರೆ: ಇಂಥ ಸಾಧನ ಹಾಕಿದರೆ ಕೆಲಸಗಾರರ ಎಚ್ಚರ ಕಡಿಮೆಯಾಗುತ್ತೆ! ಸುಮ್ನೆ ಕೇಳಿದರೆ ಸರಿ ಅನ್ನಿಸುತ್ತೆ, ಅಲ್ವಾ? ಆರ್ಮಾ ಆದ ಮೂರೇ ತಿಂಗಳೊಳಗೆ ಸಂಸತ್ತು ಕಾನೂನು ಮಾಡಿ ಈ ಎಲ್ಲವನ್ನೂ ಕಡ್ಡಾಯ ಮಾಡಿತು.

ಅಷ್ಟಕ್ಕೇ ಮುಗಿಯಲಿಲ್ಲ. 1988ರಲ್ಲಿ ಲಂಡನ್ನಿನ ಕ್ಲಾಪಮ್‌ನಲ್ಲಿ, ಬಿಚ್ಚಿ ತೆಗೆಯಬೇಕಿದ್ದ ಒಂದು ಹಳೆಯ ವೈರಿನಿಂದ ಸಿಗ್ನಲ್ ಕೆಟ್ಟು 35 ಜನ ಸತ್ತರು. ಆ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಿರಲಿಲ್ಲ. ಕೆಂಪು ದೀಪ ದಾಟೋ ರೈಲನ್ನು ತಾನೇ ನಿಲ್ಲಿಸುವ ವ್ಯವಸ್ಥೆ ದೇಶವಿಡೀ ಬರಲಿ ಅಂತ ವಿಚಾರಣೆ ನಡೆಸಿದ ಹಿಡನ್ ಶಿಫಾರಸು ಮಾಡಿದರು. ಲೆಕ್ಕ ಹಾಕಿದ ತಜ್ಞರು, ಉಳಿಯುವ ಜೀವಗಳಿಗೆ ಹೋಲಿಸಿದರೆ ಖರ್ಚು ತೀರಾ ಜಾಸ್ತಿ ಅಂದರು. ಈ ಸಲ ಲೆಕ್ಕವನ್ನೇನೋ ತೋರಿಸಿದರು. ಆದರೆ ರೈಲುಗಳು ಎಲ್ಲೆಲ್ಲಿ ಮತ್ತೆ ಮತ್ತೆ ಕೆಂಪು ದೀಪ ದಾಟಿಹೋಗುತ್ತಿವೆ ಅನ್ನೋ ಇನ್ನೊಂದು ಲೆಕ್ಕವೂ ಇತ್ತು.

1999ರ ಅಕ್ಟೋಬರ್ 5ರಂದು ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ 31 ಜನ ಸತ್ತಾಗ, ರೈಲು ದಾಟಿದ್ದು ಎಸ್‌ಎನ್ 109 ಅನ್ನೋ ಸಿಗ್ನಲನ್ನು. ಅದಕ್ಕೂ ಮುಂಚಿನ ಆರು ವರ್ಷಗಳಲ್ಲಿ ಅದೇ ಸಿಗ್ನಲನ್ನು ಕೆಂಪಿದ್ದಾಗ ದಾಟಿದ್ದು ಎಂಟು ಸಲ. ಅದು ಡ್ರೈವರ್‌ಗಳಿಗೆ ಸರಿಯಾಗಿ ಕಾಣುತ್ತಾ ಅಂತ ನೋಡೋಕೆ ಒಂದು ಸಮಿತಿ ಸೇರಬೇಕಿತ್ತು. ಅದನ್ನು ಯಾರೂ ಕರೆದಿರಲಿಲ್ಲ.