ಫಾರ್ಮ್ 8606 ಎಲ್ಲಿದೆ?

ಅಮೆರಿಕದ ತೆರಿಗೆ ರಿಟರ್ನ್‌ಗಳನ್ನು ನೋಡಿಕೊಡುವ ನನ್ನ ಫೋನಿಗೆ ಫೆಬ್ರುವರಿ ಬಂತೆಂದರೆ ಒಂದೇ ಬಗೆಯ ಕರೆಗಳು. “ಸಾಫ್ಟ್‌ವೇರ್ ಕೆಟ್ಟಿದೆ. 1099-ಆರ್ ತುಂಬಿದ ಕೂಡಲೇ ರಿಫಂಡ್ ಸರ್ರನೆ ಇಳಿದುಹೋಯಿತು.” 1099-ಆರ್ ಎಂದರೆ ನಿವೃತ್ತಿ ಖಾತೆಯಿಂದ ತೆಗೆದ ಹಣವನ್ನು ತೋರಿಸುವ ಫಾರ್ಮ್. ನಾನು ಕೇಳುವುದೂ ಒಂದೇ ಪ್ರಶ್ನೆ: “ಹೋದ ಸಲದ ಫಾರ್ಮ್ 8606 ಎಲ್ಲಿದೆ?” ತೆರಿಗೆ ಕಟ್ಟಿಯಾದ ಮೇಲೆ ನಿವೃತ್ತಿ ಖಾತೆಗೆ ಹಾಕಿದ ಹಣದ ಲೆಕ್ಕ ಇರುವುದು ಅದರಲ್ಲಿ. ಆ ಕಡೆಯಿಂದ ಉತ್ತರವಿಲ್ಲ.

ಅಮೆರಿಕದ ತೆರಿಗೆ ಸಾಫ್ಟ್‌ವೇರ್‌ಗಳಲ್ಲಿ ದೋಷಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ನಿವೃತ್ತಿ ಖಾತೆಯಿಂದ ಹಣ ತೆಗೆದವರ ವಿಷಯದಲ್ಲಿ ನನ್ನ ಮೇಜಿಗೆ ಬರುವ ‘ಸಾಫ್ಟ್‌ವೇರ್ ತಪ್ಪು’ಗಳಲ್ಲಿ ಬಹುಪಾಲು, ಸಾಫ್ಟ್‌ವೇರ್‌ಗೆ ಯಾರೂ ಹೇಳದೇ ಹೋದ ಸಂಗತಿಗಳು.

ಟ್ರೆಡಿಷನಲ್ ಐಆರ್‌ಎ ಎಂಬ ವೈಯಕ್ತಿಕ ನಿವೃತ್ತಿ ಖಾತೆಯಿಂದ ಹಣ ತೆಗೆದಾಗ ಬರುವ 1099-ಆರ್ ಅನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬಾಕ್ಸ್ 1ರಲ್ಲಿ ತೆಗೆದ ಮೊತ್ತ. ಬಾಕ್ಸ್ 2ಎಯಲ್ಲಿ ಸಾಮಾನ್ಯವಾಗಿ ಅದೇ ಮೊತ್ತ. ಅದರ ಕೆಳಗೆ 2ಬಿಯಲ್ಲಿ ಒಂದು ಸಣ್ಣ ಗುರುತು: ತೆರಿಗೆಗೆ ಒಳಪಡುವ ಮೊತ್ತ ನಿರ್ಧಾರವಾಗಿಲ್ಲ. ನನ್ನ ಕಕ್ಷಿದಾರರು ಓದದೆ ದಾಟುವುದು ಇದೊಂದನ್ನೇ. ಖಾತೆ ಇರುವ ಸಂಸ್ಥೆ ಅಲ್ಲಿ ಸ್ಪಷ್ಟವಾಗಿಯೇ ಹೇಳುತ್ತಿದೆ: ಇದರಲ್ಲಿ ಎಷ್ಟಕ್ಕೆ ತೆರಿಗೆ ಎಂಬುದು ನಮಗೆ ಗೊತ್ತಿಲ್ಲ. ಅವರಿಗೆ ಗೊತ್ತಾಗುವುದಾದರೂ ಹೇಗೆ? ಯಾವ ಯಾವ ವರ್ಷ ನೀವು ಕಡಿತ ಪಡೆಯದೆ (ಅಂದರೆ ತೆರಿಗೆಯ ಆದಾಯದಿಂದ ಕಳೆಯದೆ) ಹಣ ಹಾಕಿದಿರಿ, ಬೇರೆ ಸಂಸ್ಥೆಗಳಲ್ಲಿ ನಿಮಗೆ ಎಷ್ಟು ಐಆರ್‌ಎಗಳಿವೆ ಎಂಬುದು ಅವರ ಕಡತದಲ್ಲಿಲ್ಲ. ಅದು ಇರುವುದು ನಿಮ್ಮ 8606ರಲ್ಲಿ, ಅದರ 14ನೇ ಸಾಲಿನಲ್ಲಿ. ತೆರಿಗೆ ಕಟ್ಟಿಯಾದ ಮೇಲೆ ಖಾತೆಗೆ ಹಾಕಿದ ಹಣದಲ್ಲಿ ಇನ್ನೂ ಉಳಿದಿರುವುದು, ಅಂದರೆ ನಿಮ್ಮ ಬೇಸಿಸ್, ಅಲ್ಲಿ ಬರೆದಿರುತ್ತದೆ. ಮುಂದಿನ ಫಾರ್ಮಿನ 2ನೇ ಸಾಲಿಗೆ ಅದೇ ಅಂಕಿ ಬರಬೇಕು. ಬರದಿದ್ದರೆ ಸಾಫ್ಟ್‌ವೇರ್ ಪಾಲಿಗೆ ನಿಮ್ಮ ಬೇಸಿಸ್ ಸೊನ್ನೆ.

ನಿವೃತ್ತ ಎಂಜಿನಿಯರ್ ಒಬ್ಬರು, ಪ್ರತಿ ರಸೀದಿಯನ್ನೂ ದಿನಾಂಕದ ಪ್ರಕಾರ ಜೋಡಿಸಿಡುವವರು, ಒಂದು ವರ್ಷ ಬೇರೆ ಸಾಫ್ಟ್‌ವೇರ್‌ಗೆ ಬದಲಾದರು. ಹಳೆಯ ರಿಟರ್ನ್‌ನ ಪಿಡಿಎಫ್ ಕೊಟ್ಟರು, ಅದು ಹೆಸರು, ವಿಳಾಸ, 1040 ಎಂಬ ಮುಖ್ಯ ರಿಟರ್ನ್ ಫಾರ್ಮಿನ ಅಂಕಿಗಳನ್ನು ಎತ್ತಿಕೊಂಡಿತು. 8606 ಅನ್ನು ಎತ್ತಿಕೊಳ್ಳಲಿಲ್ಲ. ಅವರು ತೆಗೆದದ್ದು 12,000 ಡಾಲರ್. ವರ್ಷದ ಕೊನೆಗೆ ಎಲ್ಲ ಟ್ರೆಡಿಷನಲ್ ಐಆರ್‌ಎಗಳಲ್ಲಿ ಸೇರಿ ಉಳಿದದ್ದು 1,08,000. ಎರಡೂ ಕೂಡಿದರೆ 1,20,000. ಬೇಸಿಸ್ 24,000, ಅಂದರೆ ಐದರಲ್ಲೊಂದು ಪಾಲು. ಹಾಗಾಗಿ ತೆಗೆದ ಹಣದಲ್ಲಿ 2,400ಕ್ಕೆ ತೆರಿಗೆಯಿಲ್ಲ, ಉಳಿದ 9,600ಕ್ಕೆ ಇದೆ. ಪರದೆ ಪೂರ್ತಿ 12,000ವನ್ನೂ ಆದಾಯವೆಂದು ತೋರಿಸುತ್ತಿತ್ತು. ಅವರ ಶೇಕಡ 22ರ ದರದಲ್ಲಿ ಅದು 528 ಡಾಲರ್ ಹೆಚ್ಚುವರಿ ತೆರಿಗೆ. ಒಮ್ಮೆ ತೆರಿಗೆ ಕಟ್ಟಿದ ಹಣಕ್ಕೇ ಮತ್ತೊಮ್ಮೆ! “ಹಾಗಾದರೆ ಮೊದಲ 24,000 ಪೂರ್ತಿ ತೆರಿಗೆಯಿಲ್ಲದೆ ತೆಗೆಯಬಹುದಲ್ಲವೇ?” ಎಂದು ಅವರು ಕೇಳಿದರು. ಆಗುವುದಿಲ್ಲ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ನಿಮ್ಮ ಎಲ್ಲ ಟ್ರೆಡಿಷನಲ್ ಐಆರ್‌ಎಗಳನ್ನೂ ಒಂದೇ ಪಾತ್ರೆಯೆಂದು ನೋಡುತ್ತದೆ. ಹಾಲಿಗೆ ಬೆರೆತ ನೀರನ್ನು ಬೇರೆ ಮಾಡಿ ತೆಗೆಯಲು ಬರುವುದಿಲ್ಲ. ಪ್ರತಿ ಸಲವೂ ಅದೇ ಅನುಪಾತದ ಲೆಕ್ಕ, ಮತ್ತು ಮುಂದಿನ ವರ್ಷಕ್ಕೆ ಒಯ್ಯಬೇಕಾದ ಬೇಸಿಸ್ 21,600.

ಇನ್ನೊಂದು ತೊಡಕು ಸಣ್ಣದು. 1099-ಆರ್ ಫಾರ್ಮಿನ ಫೋಟೋ ತೆಗೆದು ತುಂಬಿಸುವವರು ‘ಐಆರ್‌ಎ/ಸೆಪ್/ಸಿಂಪಲ್’ ಎಂಬ ಚೌಕದ ಗುರುತು ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ. ಅದು ತಪ್ಪಿದರೆ ನಿಮ್ಮ ಹಣ 1040ರ 4ನೇ ಸಾಲಿನ ಬದಲು ಪಿಂಚಣಿಯ 5ನೇ ಸಾಲಿಗೆ ಹೋಗುತ್ತದೆ, 8606ರ ಪ್ರಶ್ನೆಗಳು ಬರುವುದೇ ಇಲ್ಲ. ಬಂದಾಗಲೂ ‘ಕಡಿತ ಪಡೆಯದೆ ಹಣ ಹಾಕಿದ್ದೀರಾ?’ ಎಂಬುದಕ್ಕೆ ಜನ ಅವಸರದಲ್ಲಿ ‘ಇಲ್ಲ’ ಒತ್ತಿ ಮುಂದೆ ಹೋಗುತ್ತಾರೆ. ದಯವಿಟ್ಟು ಅಲ್ಲಿ ನಿಲ್ಲಿ. ರಾಜ್ಯದ ತೆರಿಗೆಯ ಲೆಕ್ಕವೂ ಇದೇ ಎಂದುಕೊಳ್ಳಬೇಡಿ; ನ್ಯೂಜೆರ್ಸಿಯಂಥ ಕಡೆ ಐಆರ್‌ಎಗೆ ಹಾಕಿದ ಹಣಕ್ಕೆ ಕಡಿತವೇ ಇಲ್ಲದಿರುವುದರಿಂದ ಅಲ್ಲಿನ ಬೇಸಿಸ್ ಬೇರೆ.

ಎರಡು ವರ್ಷದ ಹಿಂದೆ ವಯಸ್ಸಾದ ಮಹಿಳೆಯೊಬ್ಬರು ಮಗನ ಜೊತೆ ಬಂದಿದ್ದರು. ತೀರಿಕೊಂಡ ಗಂಡನ ಐಆರ್‌ಎಯನ್ನು ತಮ್ಮದೇ ಖಾತೆಯಾಗಿ ಮಾಡಿಕೊಂಡಿದ್ದರು. ಹಾಗೆ ಮಾಡಿಕೊಂಡ ಹೆಂಡತಿಗೆ ಗಂಡನ ಬೇಸಿಸ್ ಕೂಡ ಸೇರುತ್ತದೆ. ಮಕ್ಕಳಿಗೆ ಬಂದ ಖಾತೆಯಾದರೆ ಅದರ ಲೆಕ್ಕವನ್ನು ಪ್ರತ್ಯೇಕವಾಗಿಯೇ ಇಡಬೇಕು. ಮಗ ಎರಡು ವರ್ಷದ ರಿಟರ್ನ್‌ಗಳಲ್ಲೂ ಬೇಸಿಸ್ ಇಲ್ಲವೆಂದೇ ಉತ್ತರಿಸಿದ್ದ. ನಾನು ನನ್ನ ಎಂದಿನ ಪ್ರಶ್ನೆ ಕೇಳಿದೆ. ಆಕೆ ಚೀಲದಿಂದ ಕಂದು ಬಣ್ಣದ ಫೈಲು ತೆಗೆದರು. ವರ್ಷ ವರ್ಷದ 8606, ಒಂದೂ ತಪ್ಪದೆ, ಪ್ರತಿಯೊಂದರ 14ನೇ ಸಾಲಿಗೂ ಪೆನ್ಸಿಲ್‌ನಲ್ಲಿ ಸುತ್ತು ಹಾಕಿತ್ತು. ರಿಟರ್ನ್ ಸಲ್ಲಿಸಿ ಮೂರು ವರ್ಷ ಆಗಿರಲಿಲ್ಲವಾದ್ದರಿಂದ ಎರಡಕ್ಕೂ 1040-ಎಕ್ಸ್ ಎಂಬ ತಿದ್ದುಪಡಿ ರಿಟರ್ನ್ ಹಾಕುವ ಅವಕಾಶ ಇನ್ನೂ ಇತ್ತು. ಫೈಲನ್ನು ಒಂದು ವಾರ ಬಿಟ್ಟುಹೋಗಿ ಎಂದೆ.

“ನಕಲು ಮಾಡಿಕೊಳ್ಳಿ, ಸ್ವಾಮಿ. ಇದು ಅವರ ಕೈಬರಹ,” ಎಂದರು. ಅವರನ್ನು ಕೂರಿಸಿ, ಒಂದೊಂದೇ ಹಾಳೆಯ ಪಿನ್ನು ಬಿಚ್ಚಿ ನಕಲು ತೆಗೆದು, ಮತ್ತೆ ಅದೇ ಕ್ರಮದಲ್ಲಿ ಪಿನ್ನು ಹಾಕಿ ಕೊಟ್ಟೆ.